ಮುಂದಿನ ವಾರ ಇಳಿಯುವ ಸಾಧ್ಯತೆ

ಮೊನ್ನೆ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ಗಣಪತಿ ಫೋಟೊಕ್ಕೂ ಜೆರಾಕ್ಸ್ ಮಷೀನಿಗೂ ಒಂದೇ ಊದುಬತ್ತಿಯಲ್ಲಿ ಬೆಳಗಿ ಕೂತಿದ್ದೆ. ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ; ಜೆರಾಕ್ಸ್ ತೆಗೆಯುತ್ತೇನೆ, ಮದುವೆ ಕಾರ್ಡು ಅಚ್ಚು ಹಾಕಿಸಿ ಕೊಡುತ್ತೇನೆ. ಫೋನು ಟಿಣ್ ಎಂದಿತು. ನನ್ನ ಹೆಂಡತಿಯ ತಮ್ಮ, ಹಾಲಿನ ಡೇರಿ ಇಟ್ಟವನು, ನನ್ನನ್ನು ಒಂದು ಮಾತು ಕೇಳದೆ ಯಾವುದೋ ಗುಂಪಿಗೆ ಸೇರಿಸಿಬಿಟ್ಟಿದ್ದ. ಜಾನುವಾರು ಸಾಕುವವರ ಗುಂಪು. ಎಮ್ಮೆಯ ಫೋಟೊ, ಎಮ್ಮೆಯ ಹಲ್ಲಿನ ಫೋಟೊ, ಶುಭೋದಯದ ಗುಲಾಬಿ, ಮತ್ತೆ ಎಮ್ಮೆ. ಇವುಗಳ ನಡುವೆ ದಪ್ಪ ಅಕ್ಷರದಲ್ಲಿ ಈ ವಾರದ ದನದ ಸಂತೆಯ ವರದಿ: 'ಎತ್ತುಗಳಿಗೆ ಬೇಡಿಕೆ ಸ್ಥಿರ. ಹೆಚ್ಚಿನ ಮಾಲು ಬರುವ ನಿರೀಕ್ಷೆಯಿರುವುದರಿಂದ ಧಾರಣೆ ಮುಂದಿನ ವಾರ ಇಳಿಯುವ ಸಾಧ್ಯತೆ.'

ಎರಡು ಸಲ ಓದಿದೆ. ಅನುಮಾನವೇ ಇಲ್ಲ, ಅದು ನನ್ನ ಸಾಲು. 'ನಿರೀಕ್ಷೆಯಿರುವುದರಿಂದ' ಎಂಬ ಮಾರುದ್ದದ ಪದವನ್ನು ನಾನು ಹಾಕಿದ್ದು ಜಾಗ ತುಂಬಲಿ ಎಂದು. ಅದನ್ನು ಅಚ್ಚು ಮಾಡುತ್ತಿದ್ದ ಪತ್ರಿಕೆ ಮುಚ್ಚಿತು, ಸಂಪಾದಕರು ತೀರಿಕೊಂಡರು, ನನ್ನ ತಲೆಗೂದಲು ಉದುರಿತು. ಸಾಲು ಮಾತ್ರ ಒಂದಕ್ಷರ ಸವೆಯದೆ ಊರೂರು ತಿರುಗುತ್ತಿದೆ. ಇಷ್ಟು ಕಾಲ ಬಾಳುವಂಥದ್ದನ್ನು ನಾನು ಬೇರೇನೂ ಬರೆದಿಲ್ಲ. ಇನ್ನೊಬ್ಬರಾಗಿದ್ದರೆ ಹೆಮ್ಮೆಪಡುತ್ತಿದ್ದರೇನೋ. ನಾನು ಫೋನನ್ನು ಬೋರಲು ಹಾಕಿದೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಸುತ್ತುಬಳಸಿನ ದಾರಿ, ಬೇಸರವಿಲ್ಲದಿದ್ದರೆ ಜೊತೆಗೆ ಬನ್ನಿ.

ಹನ್ನೆರಡು ಹದಿಮೂರು ವರ್ಷಗಳ ಹಿಂದೆ ನಾನು ನಮ್ಮೂರಿನ ನಾಲ್ಕು ಪುಟದ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ನಾಲ್ಕು ಪುಟ ಎಂದರೂ ಒಂದು ಪುಟ ಟೆಂಡರ್ ಪ್ರಕಟಣೆಗೆ, ಒಂದು ಪುಟ ನಾಯಕರ ಹುಟ್ಟುಹಬ್ಬದ ಶುಭಾಶಯಗಳಿಗೆ ಮೀಸಲು. ಸಂಡೂರಿನ ಗಣಿಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಹುಟ್ಟುಹಬ್ಬಗಳು ತಮ್ಮ ಪುಟ ದಾಟಿ ಸುದ್ದಿಯ ಪುಟಕ್ಕೂ ಕಾಲು ಚಾಚುತ್ತಿದ್ದವು. ಗಣಿ ನಿಂತಿತು, ನೋಡಿ, ನಾಯಕರು ಹುಟ್ಟುವುದೇ ನಿಂತುಹೋಯಿತು. ಹಾಗೆ ಖಾಲಿ ಬಿದ್ದ ಜಾಗಕ್ಕೆ ಸಂಪಾದಕರು 'ಮಾರುಕಟ್ಟೆ ಪುಟ' ಎಂದು ಹೆಸರಿಟ್ಟು ಒಂದು ದಿನ ನನ್ನನ್ನು ಒಳಗೆ ಕರೆದರು.

"ಭತ್ತ, ಬೆಲ್ಲ, ಮೆಕ್ಕೆಜೋಳದ ರೇಟು ಫೋನ್‌ನ್ಯಾಗ ಸಿಗತಾವು. ದನದ ಹರಾಜಿಂದು ಯಾರೂ ಹೇಳಂಗಿಲ್ಲ. ನೀವು ವಾರಾ ವಾರಾ ಹೋಗಿ ತಗೊಂಡು ಬರ್ರಿ" ಎಂದರು.

"ಸರ್, ನನಗ ದನದ ಬಗ್ಗೆ ಏನೂ ತಿಳಿಯಂಗಿಲ್ರಿ."

"ನಿಮ್ಮ ಮನ್ಯಾಗ ಎಮ್ಮಿ ಇತ್ತಲ್ಲ?"

"ಇತ್ರಿ. ಮಾರಿದ್ವಿ."

"ಮಾರೀರಿ ಅಂದ್ರ ಅನುಭವ ಐತಿ. ಹೋಗ್ರಿ ಇನ್ನ."

ನನ್ನ ವೃತ್ತಿಜೀವನದ ಸಂದರ್ಶನ ಅಷ್ಟಕ್ಕೇ ಮುಗಿಯಿತು. ಆ ಎಮ್ಮೆಯನ್ನು ಮಾರಿದಾಗ ನಾನು ಶಾಲೆಯಲ್ಲಿದ್ದೆ ಎಂಬುದನ್ನು ಹೇಳಲು ಅವಕಾಶವಾಗಲಿಲ್ಲ.

ಸಂತೆ ಸೇರುತ್ತಿದ್ದುದು ಕಂಪ್ಲಿ ರಸ್ತೆಯ ಬದಿಯ ಒಂದು ಬಯಲಿನಲ್ಲಿ. ಸಂಪಾದಕರು ಅದನ್ನು ಹರಾಜು ಎಂದು ಕರೆಯುತ್ತಿದ್ದರು. ಹರಾಜೆಂದರೆ ಯಾರಾದರೂ ಮರದ ಸುತ್ತಿಗೆ ಹಿಡಿದು ಒಂದ್ಸಾರಿ ಎರಡ್ಸಾರಿ ಎಂದು ಕೂಗಬೇಕು ತಾನೇ? ನೋಟ್‌ಬುಕ್ಕು ಹಿಡಿದು ಹೋದವನಿಗೆ ಒಂದು ಕೂಗೂ ಕೇಳಲಿಲ್ಲ. ಜನ ಎತ್ತಿನ ತುಟಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನ ಮೇಲಿನ ಸುಳಿ ನೋಡುತ್ತಾರೆ, ಬಾಲ ಎತ್ತಿ ನೋಡುತ್ತಾರೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾರೆ. ನಮ್ಮ ಕಡೆ ಅಳಿಯನನ್ನು ಇಷ್ಟು ಪರೀಕ್ಷೆ ಮಾಡಿದ್ದರೆ ಎಷ್ಟೋ ಮನೆತನ ಉಳಿಯುತ್ತಿದ್ದವು. ಎಲ್ಲ ನೋಡಿ ಮುಗಿದ ಮೇಲೆ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಮಾರುವವನ ಕೈಮೇಲೆ ಹಾಕುತ್ತಾನೆ, ತನ್ನ ಕೈಯನ್ನೂ ಅದರ ಕೆಳಗೆ ತೂರಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು ಬೆಲೆ, ಎರಡು ಬೆರಳು ಹಿಡಿದರೆ ಇನ್ನೊಂದು, ಪೂರಾ ಅಂಗೈ ಹಿಡಿದರೆ ಮತ್ತೊಂದು. ಟವೆಲ್ ಕೆಳಗೆ ಬೆರಳುಗಳು ಜಗ್ಗಾಡುತ್ತಿದ್ದರೆ ಮೇಲೆ ಬಾಯಿಗಳು ಮಳೆ, ಮೊಮ್ಮಗನ ಜವಳ, ಮೊಣಕಾಲು ನೋವು ಎಂದು ಲೋಕಾಭಿರಾಮ ಮಾತಾಡುತ್ತಿರುತ್ತವೆ. ಟವೆಲ್ ಮತ್ತೆ ಹೆಗಲಿಗೇರಿದರೆ ವ್ಯಾಪಾರ ಮುಗಿಯಿತೆಂದು ಅರ್ಥ. ಬೆಲೆ ಎಷ್ಟಾಯಿತೆಂದು ಕೇಳಿದರೆ ಇಬ್ಬರೂ ಆಕಾಶ ನೋಡುತ್ತಿದ್ದರು.

ಮೂರು ವಾರ ಬರಿಗೈಯಲ್ಲಿ ಬಂದೆ. ನಾಲ್ಕನೆಯ ವಾರ ಗಾದಿಲಿಂಗಪ್ಪ ಎಂಬ ದಲ್ಲಾಳಿಗೆ ನನ್ನ ಮೇಲೆ ಕರುಣೆ ಬಂತು. ಅರವತ್ತು ದಾಟಿದ, ಎಲೆಯಡಿಕೆಯ ಕೆಂಪು ಬಾಯಿಯ ಮನುಷ್ಯ. ಚಹಾದಂಗಡಿಗೆ ಕರೆದುಕೊಂಡು ಹೋಗಿ, ಆ ದಿನ ತಾನು ಕುದುರಿಸಿದ ಒಂದು ಎತ್ತಿನ ಬೆಲೆಯನ್ನು ಕಿವಿಯಲ್ಲಿ ಹೇಳಿದರು. ನಾನು ಹಿಗ್ಗಿ ಹೀರೆಕಾಯಿಯಾದೆ. ಮರುದಿನವೇ ಪತ್ರಿಕೆಯಲ್ಲಿ ಮರಿಯಮ್ಮನಹಳ್ಳಿ ಕಡೆಯ ಡೊಂಕು ಕೊಂಬಿನ ಬಿಳಿ ಎತ್ತು, ನಾಲ್ಕು ಹಲ್ಲಿನದು, ಇಷ್ಟಕ್ಕೆ ಹೋಯಿತು ಎಂದು ಮಾರಿದವನ ಊರು, ಕೊಂಡವನ ಊರುಗಳ ಸಮೇತ ಅಚ್ಚಾಯಿತು. ಎತ್ತಿಗೆ ಇಂಥ ಪ್ರಚಾರ ಅದುವರೆಗೆ ಸಿಕ್ಕಿರಲಿಲ್ಲ.

ಮುಂದಿನ ವಾರ ಗಾದಿಲಿಂಗಪ್ಪನವರು ನನ್ನನ್ನು ಕಂಡವರೇ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು.

"ಏನ್ ಬರದ್ರಿ ಸಾಹೇಬ್ರ! ಮಾರಿದಾಂವ ತನ್ನ ತಮ್ಮಗ ಕಡಿಮಿ ಹೇಳಿದ್ದ. ತಮ್ಮ ಈಗ ಪೇಪರ್ ಹಿಡಕೊಂಡು ಬಾಗಲಾಗ ಕುಂತಾನ. ಕೊಂಡಾಂವ ಹೆಂಡ್ತಿ ಮುಂದ ಅದಕ್ಕಿಂತ ಕಡಿಮಿ ಹೇಳಿದ್ದ. ಆಕಿ ತವರಿಗೆ ಹೋಗ್ಯಾಳ. ಎಲ್ಲಾರ ಮನ್ಯಾಗೂ ಜಗಳ, ಎತ್ತು ಒಂದ ಸಮಾಧಾನದಾಗ ಮೇಯಾಕ ಹತ್ತೈತಿ."

"ನಾನು ಖರೇನ ಬರದೀನಲ್ರೀ?"

"ಅದ ತಪ್ಪು ನೋಡ್ರಿ. ಸುಳ್ಳು ಬರದಿದ್ರ ಯಾರ ಮನೀನೂ ಒಡೀತಿರ್ಲಿಲ್ಲ."

ಆಗ ತಿಳಿಯಿತು. ನಮ್ಮ ಸಂತೆಯಲ್ಲಿ ಪ್ರತಿ ಎತ್ತಿಗೂ ಮೂರು ಬೆಲೆ: ಮಾರಿದವನ ಮನೆಯಲ್ಲೊಂದು, ಕೊಂಡವನ ಮನೆಯಲ್ಲೊಂದು, ಟವೆಲ್ ಕೆಳಗೊಂದು. ಈ ಮೂರೂ ಒಂದನ್ನೊಂದು ಭೇಟಿಯಾಗದೆ ಎಷ್ಟೋ ತಲೆಮಾರಿನಿಂದ ಸುಖವಾಗಿದ್ದವು. ನಾನು ಹೋಗಿ ಅವನ್ನು ಒಂದೇ ಪುಟದಲ್ಲಿ ಕೂಡಿಸಿದ್ದೆ.

ಅಂದಿನಿಂದ ಸಂಖ್ಯೆಗಳ ಸಹವಾಸ ಬಿಟ್ಟೆ. ಪುಟವಂತೂ ತುಂಬಬೇಕಲ್ಲ? ಮೂರು ಪದ ಹುಡುಕಿಕೊಂಡೆ: ಸ್ಥಿರ, ಚುರುಕು, ಮಂದ. ಎತ್ತಿಗೊಂದು, ಹಸುವಿಗೊಂದು, ಎಮ್ಮೆಗೊಂದು. ಮುಂದಿನ ವಾರ ಅವನ್ನೇ ಸ್ಥಳ ಬದಲಿಸಿ ಕೂರಿಸುತ್ತಿದ್ದೆ. ಕೊನೆಗೊಂದು ಭವಿಷ್ಯದ ಮಾತಿದ್ದರೆ ಗಂಭೀರವಾಗಿ ಕಾಣುತ್ತದೆ ಎಂದು ಸಂಪಾದಕರು ಹೇಳಿದ್ದರಿಂದ 'ಮುಂದಿನ ವಾರ ಇಳಿಯುವ ಸಾಧ್ಯತೆ' ಸೇರಿಸಿದೆ. 'ಏರುವ ಸಾಧ್ಯತೆ' ಎಂದೇಕೆ ಬರೆಯಲಿಲ್ಲ ಎಂದು ಕೇಳಬಹುದು. 'ಇಳಿಯುವ' ಅನ್ನುವುದು ಕಾಲಮ್ಮಿನ ಅಗಲಕ್ಕೆ ಸರಿಯಾಗಿ ಕೂರುತ್ತಿತ್ತು, ಅಷ್ಟೇ. ಬರಬರುತ್ತ ಸಂತೆಗೆ ಹೋಗುವುದನ್ನೂ ಕಡಿಮೆ ಮಾಡಿದೆ. ಕಾಲೇಜು ರಸ್ತೆಯ ಮಿರ್ಚಿ ಅಂಗಡಿಯಲ್ಲಿ ಒಂದು ಪ್ಲೇಟು ಮಿರ್ಚಿ ಮಂಡಕ್ಕಿ ಮುಗಿಯುವುದರೊಳಗೆ ಜಿಲ್ಲೆಯ ಜಾನುವಾರುಗಳ ಬೇಡಿಕೆ ಮತ್ತು ಪೂರೈಕೆ ಸಿದ್ಧವಾಗಿರುತ್ತಿತ್ತು.

ಆಶ್ಚರ್ಯವೆಂದರೆ, ನಿಜ ಬರೆದಾಗ ಬೈದವರೆಲ್ಲ ಈಗ ಮೆಚ್ಚತೊಡಗಿದರು. ದಲ್ಲಾಳಿಗಳು ಕೈಮುಗಿದರು. ಪಶು ಇಲಾಖೆಯ ಒಬ್ಬ ಅಧಿಕಾರಿ ತಮ್ಮ ತಿಂಗಳ ವರದಿಯಲ್ಲಿ ನನ್ನ ಸಾಲುಗಳನ್ನು ಎತ್ತಿ ಬರೆದರು. ಆ ವರದಿ ನಮ್ಮ ಕಚೇರಿಗೆ ಬಂದಾಗ ನಾನು 'ಅಧಿಕೃತ ಮೂಲಗಳ ಪ್ರಕಾರ' ಎಂದು ಸೇರಿಸಿ ಮತ್ತೆ ಅದನ್ನೇ ಅಚ್ಚು ಹಾಕಿಸಿದೆ. ಅವರು ನನ್ನನ್ನು ನಂಬಿ ಬರೆದರು, ನಾನು ಅವರನ್ನು ನಂಬಿ ಬರೆದೆ. ಎತ್ತನ್ನು ಮಾತ್ರ ಇಬ್ಬರೂ ನೋಡಿರಲಿಲ್ಲ. ಕೆಲವು ತಿಂಗಳಲ್ಲಿ ನನಗೇ ನನ್ನ ಮಾತಿನ ಮೇಲೆ ನಂಬಿಕೆ ಬಂದು, ಮನೆಯಲ್ಲಿ ಟೊಮೆಟೊ ಬೆಲೆಯ ಬಗ್ಗೆಯೂ ಅಭಿಪ್ರಾಯ ಹೇಳಲು ಶುರುಮಾಡಿದೆ. ಹೆಂಡತಿ ಮಾತ್ರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ವಾರ ಸಂತೆಯ ಫೋಟೊ ಬೇಕೆಂದು ಸಂಪಾದಕರು ನನ್ನನ್ನು ಅಟ್ಟಿದರು. ಹೋದೆ. ಬಯಲಿನ ಅಂಚಿನಲ್ಲಿ ಒಬ್ಬ ಹೆಂಗಸು ಒಂದೇ ಎತ್ತು ಹಿಡಿದು ನಿಂತಿದ್ದಳು. ಜೊತೆಗೆ ಒಂದು ನೊಗ ತಂದಿದ್ದಳು. ಸಂತೆಗೆ ಎತ್ತು ತರುವವರನ್ನು ಕಂಡಿದ್ದೆ, ನೊಗ ಹೊತ್ತು ತಂದವರನ್ನು ಕಂಡಿರಲಿಲ್ಲ. ಫೋಟೊ ತೆಗೆದು ಮಾತಾಡಿಸಿದೆ. ಹೆಸರು ಹುಲಿಗೆಮ್ಮ, ಕಡ್ಡಿರಾಂಪುರದವಳು, ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಕಾಲುವೆ ಬದಿಯ ಬಾಳೆ ತೋಟಗಳಿಂದ ಗೊನೆಗಳನ್ನು ಬಂಡಿಯಲ್ಲಿ ರಸ್ತೆಗೆ ಸಾಗಿಸುವುದು ಆಕೆಯ ಮತ್ತು ಆಕೆಯ ಗಂಡನ ಕೆಲಸ. ಆ ಇಕ್ಕಟ್ಟಾದ ದಾರಿಗಳಲ್ಲಿ ಲಾರಿ ಹೋಗುವುದಿಲ್ಲ, ಬಂಡಿಯೇ ಆಗಬೇಕು. ಜೋಡಿಯಲ್ಲಿ ಎಡಕ್ಕೆ ಕಟ್ಟುವ ಎತ್ತು ತೋಟದಲ್ಲಿ ಹಾವು ಕಚ್ಚಿ ಸತ್ತಿತ್ತು. ಉಳಿದದ್ದು ಬಲಗಡೆಯದು, ಹುಟ್ಟಾ ಬಲಕ್ಕೇ ನಡೆದದ್ದು, ಎಡಕ್ಕೆ ಕಟ್ಟಿದರೆ ಹೆಜ್ಜೆ ಇಡುವುದಿಲ್ಲ. ಅದಕ್ಕೆ ಎತ್ತರದಲ್ಲಿ, ನಡಿಗೆಯಲ್ಲಿ ಸರಿಹೊಂದುವ ಎಡಗಡೆಯ ಎತ್ತೊಂದು ಬೇಕಾಗಿತ್ತು. ಬಾಳೆ ಕಡಿಯುವ ದಿನಗಳು ಹತ್ತಿರ ಬಂದಿದ್ದವು. ಅಷ್ಟರೊಳಗೆ ಬಂಡಿ ಎದ್ದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ತೋಟದವರು ಬದು ಕಡಿದು ಟ್ರ್ಯಾಕ್ಟರಿಗೆ ದಾರಿ ಮಾಡುತ್ತಾರೆ ಎಂದಳು. ಅದಕ್ಕಾಗಿ ನಾಲ್ಕು ವಾರದಿಂದ ಜೋಡಿ ಹೊಂದಿಸಿ ನೋಡಲು ತನ್ನ ಎತ್ತನ್ನೂ ನೊಗವನ್ನೂ ತರುತ್ತಿದ್ದಳು.

ಆ ದಿನ ಜೋಡಿ ಸಿಕ್ಕಿತ್ತು. ಕಂಪ್ಲಿ ಕಡೆಯ ಒಬ್ಬ ಮುದುಕ ತಂದಿದ್ದ ಮಾಸಲು ಬಿಳಿಯ ಎತ್ತು. ಎರಡಕ್ಕೂ ನೊಗ ಹೂಡಿ ಬಯಲು ಸುತ್ತಿಸಿದ್ದನ್ನು ನಾನೇ ನೋಡಿದೆ. ದನದ ಗಂಧಗಾಳಿಯಿಲ್ಲದ ನನಗೂ ಕಾಣುವ ಹಾಗೆ ಎರಡೂ ಒಂದೇ ಹೆಜ್ಜೆಯಲ್ಲಿ ನಡೆದವು. ನೊಗ ಕಿಂಚಿತ್ತೂ ಓರೆಯಾಗಲಿಲ್ಲ. ಹುಲಿಗೆಮ್ಮ ಆ ಹೊಸ ಎತ್ತಿನ ಹಣೆಗೆ ತನ್ನ ಹಣೆ ತಾಗಿಸಿ ನಿಂತುಬಿಟ್ಟಳು. ಬೆಲೆಯಲ್ಲಿ ಮಾತ್ರ ಒಂದಿಷ್ಟು ಅಂತರವಿತ್ತು. ಮುದುಕ ಕೇಳಿದ್ದನ್ನು ಕೊಡಬೇಕಾದರೆ ಕಿವಿಯ ಬೆಂಡೋಲೆ ಮಾರಬೇಕು. ಆಕೆ ಬೆಂಡೋಲೆ ಮುಟ್ಟಿ ನೋಡಿಕೊಂಡಳು, ಎತ್ತನ್ನು ನೋಡಿದಳು, ಆಮೇಲೆ ಸೊಂಟದಿಂದ ಒಂದು ಮಡಿಸಿದ ಕಾಗದ ತೆಗೆದಳು.

"ತಮ್ಮಾ, ಕಿಸೆದಾಗ ಪೆನ್ನು ಐತಿ, ನಿನಗ ಓದಾಕ ಬರತೈತಿ. ಇದನ್ನೊಂದೀಟು ಓದಿ ಹೇಳಪ್ಪ. ನಿನ್ನೆ ನಮ್ಮ ಹುಡುಗಿ ಓದಿದ್ಲು, ಖರೇನ ಹಂಗ ಐತೇನು ನೋಡು. ಇದನ್ನ ಬರಿಯಾಂವ ಭಾಳ ತಿಳಕೊಂಡಾಂವ ಅಂತ."

ಕತ್ತರಿಸಿಟ್ಟುಕೊಂಡಿದ್ದ ನನ್ನ ವರದಿ. ಒಂದಲ್ಲ, ನಾಲ್ಕು ವಾರದ ನಾಲ್ಕು ತುಂಡುಗಳು. 'ಅಕ್ಕಾ, ಇದು ಮಿರ್ಚಿ ತಿನ್ನುತ್ತ ಬರೆದದ್ದು, ಇದನ್ನು ಒಲೆಗೆ ಹಾಕು, ಎತ್ತು ಹಿಡಿದುಕೊಂಡು ನಡಿ' ಎನ್ನಬೇಕಿತ್ತು. ಹನ್ನೊಂದು ಪದದ ಮಾತು. ಆದರೆ ಹಾಗಂದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ, ಗಾದಿಲಿಂಗಪ್ಪ ಪಕ್ಕದಲ್ಲೇ ನಿಂತಿದ್ದಾರೆ, ನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಕಾರಣವೊಂದಿದೆ, ಮುಚ್ಚಿಟ್ಟು ಫಲವಿಲ್ಲ. 'ಭಾಳ ತಿಳಕೊಂಡಾಂವ' ಎಂದು ಆವರೆಗೆ ನನ್ನನ್ನು ಯಾರೂ ಅಂದಿರಲಿಲ್ಲ. ಆ ಮಾತು ಇನ್ನೂ ಕಿವಿಯಲ್ಲಿ ಬೆಚ್ಚಗಿತ್ತು.

"ಧಾರಣೆ ಮುಂದಿನ ವಾರ ಇಳಿಯುವ ಸಾಧ್ಯತೆ" ಎಂದು ಓದಿದೆ. ಸ್ಪಷ್ಟವಾಗಿ, ಶುದ್ಧ ಉಚ್ಚಾರಣೆಯಲ್ಲಿ ಓದಿದೆ.

"ಇಳಿತೈತಂತ ಬರದಾರ?"

"ಹೌದಕ್ಕ. ಹಂಗ ಬರದಾರ."

"ಹಂಗಾದ್ರ ಒಂದ್ ವಾರ ತಡಿತೀನಿ. ಬೆಂಡೋಲಿ ಉಳಿತಾವು" ಎಂದು ಹೇಳಿ ನೊಗ ಬಿಚ್ಚಿದಳು. ಅವಳ ಎತ್ತು ಹೊರಡಲು ಒಪ್ಪಲಿಲ್ಲ, ಎರಡು ಸಲ ಎಳೆಯಬೇಕಾಯಿತು.

ಮುಂದಿನ ವಾರ ಯಾರೂ ಅಟ್ಟದಿದ್ದರೂ ಸಂತೆಗೆ ಹೋದೆ. ಹುಲಿಗೆಮ್ಮ ಆಗಲೇ ಬಂದಿದ್ದಳು. ಕಿವಿಯಲ್ಲಿ ಬೆಂಡೋಲೆ ಇದ್ದವು. ಕಂಪ್ಲಿಯ ಮುದುಕ ಬಂದಿರಲಿಲ್ಲ. ಹಿಂದಿನ ವಾರ ಅವಳು ಅತ್ತ ಹೋದ ಅರ್ಧ ಗಂಟೆಗೆ ಸಂಡೂರು ಕಡೆಯವನೊಬ್ಬ ಆ ಎತ್ತನ್ನು ಹೊಡೆದುಕೊಂಡು ಹೋಗಿದ್ದ ಎಂದು ಗಾದಿಲಿಂಗಪ್ಪ ಹೇಳಿದರು. ಬೆಲೆ ಇಳಿದಿರಲಿಲ್ಲ, ಮತ್ತಷ್ಟು ಏರಿತ್ತು. ಬಾಳೆ ಕಡಿಯುವ ಮುಂಚೆ ಎತ್ತಿಗೆ ಬೆಲೆ ಏರುತ್ತದೆ ಎಂಬುದು ಆ ಬಯಲಿನ ನಾಯಿಗೂ ಗೊತ್ತಿದ್ದ ಸಂಗತಿಯಂತೆ.

"ಪೇಪರ್‌ನ್ಯಾಗ ಸುಳ್ಳು ಬರದಾರೇನಕ್ಕ?" ಎಂದು ಮೆಲ್ಲಗೆ ಕೇಳಿದೆ. ಬೈದಾದರೂ ಬಿಡಲಿ ಎಂಬ ಆಸೆ.

"ಇಲ್ಲ ಬಿಡು ತಮ್ಮಾ. ಆಗತೈತಿ ಅಂತ ಎಲ್ಲಿ ಬರದಾನ? ಸಾಧ್ಯತೆ ಅಂದಾನ. ಓದಿದಾಂವ, ಅಂವಂದು ತಪ್ಪಿರಂಗಿಲ್ಲ. ನಂದ ನಸೀಬು" ಎಂದಳು. ನನ್ನ ಪರವಾಗಿ ಇಷ್ಟು ಚೆನ್ನಾಗಿ ವಾದ ಮಾಡಿದವರನ್ನು ನಾನು ಕಂಡಿಲ್ಲ.

ಆಕೆ ಮತ್ತೆರಡು ವಾರ ಬಂದಳಂತೆ. ಎತ್ತರಕ್ಕೆ ಹೊಂದಿದ್ದು ನಡಿಗೆಗೆ ಹೊಂದಲಿಲ್ಲ, ನಡಿಗೆಗೆ ಹೊಂದಿದ್ದು ಎಡಕ್ಕೆ ಬರಲಿಲ್ಲ. ಅಷ್ಟರಲ್ಲಿ ತೋಟಗಳಲ್ಲಿ ಬಾಳೆ ಕಡಿದರು, ಬದು ಕಡಿದರು, ಟ್ರ್ಯಾಕ್ಟರು ಒಳಗೆ ಬಂತು. ಆಮೇಲೆ ಉಳಿದ ಎತ್ತನ್ನೂ ಮಾರಿದಳೆಂದು ಗಾದಿಲಿಂಗಪ್ಪ ತಿಳಿಸಿದರು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜೋಡಿಯಿಲ್ಲದ, ವಯಸ್ಸಾದ ಎತ್ತನ್ನು ಉಳುವವರು ಕೊಳ್ಳುವುದಿಲ್ಲ ಎಂಬಷ್ಟು ವಿದ್ಯೆ ಅಷ್ಟರಲ್ಲಿ ನನಗೂ ಬಂದಿತ್ತು. ಆ ವಾರ 'ಒಂಟಿ ಎತ್ತುಗಳಿಗೆ ಬೇಡಿಕೆ ಮಂದ' ಎಂದು ಬರೆದೆ. ಮೊದಲನೆಯದನ್ನು ಬಿಟ್ಟರೆ ನನ್ನ ವರದಿಗಳಲ್ಲಿ ನಿಜವಾದದ್ದು ಅದೊಂದೇ.

ಅಂದೇ ಆ ಕೆಲಸ ಬಿಟ್ಟೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಮೂಡುತ್ತದೆ. ಬಿಡಲಿಲ್ಲ. ಪತ್ರಿಕೆ ತಾನಾಗಿ ಮುಚ್ಚುವವರೆಗೆ ವಾರಾ ವಾರಾ ಬರೆದೆ, ಅದೇ ಸಾಲು, ಅದೇ ಸಾಧ್ಯತೆ. ಕಡ್ಡಿರಾಂಪುರ ಹಾದು ಹಂಪಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಊರು ಬಂದಾಗ ಸ್ಕೂಟರಿನ ವೇಗ ಮಾತ್ರ ತಾನಾಗಿ ಹೆಚ್ಚುತ್ತಿತ್ತು.

ಮೊನ್ನೆ ಫೋನಿನಲ್ಲಿ ಆ ಸಾಲು ಕಂಡ ಮೇಲೆ ಭಾವಮೈದುನನಿಗೆ ಫೋನು ಮಾಡಿ ಇದನ್ನು ಬರೆದವರು ಯಾರು ಎಂದು ಕೇಳಿದೆ. "ಯಾರಿಗ್ಗೊತ್ತು ಮಾಮಾ, ಯಾವ್ದೋ ಗುಂಪಿನಿಂದ ಬರತೈತಿ, ನಾವು ಮುಂದಕ್ಕ ಕಳಸ್ತೀವಿ. ಅದನ್ನ ನೋಡೇ ಜನ ಸಂತಿಗೆ ಹೊಂಡೋದು" ಎಂದ. ಜನ ಎಂದಾಗ ನನಗೆ ಕಂಡದ್ದು ಒಂದೇ ಮುಖ. ಶಟರ್ ಎಳೆದೆ, ಸ್ಕೂಟರ್ ಹತ್ತಿದೆ, ಈ ಸಲ ಕಡ್ಡಿರಾಂಪುರದಲ್ಲಿ ನಿಲ್ಲಿಸಿದೆ.

ಹುಲಿಗೆಮ್ಮ ಸಿಗುವುದು ಕಷ್ಟವಾಗಲಿಲ್ಲ. ರಸ್ತೆ ಬದಿಯ ಖಾನಾವಳಿಯವರು ತೋರಿಸಿದ ಹೋಮ್‌ಸ್ಟೇಯ ಹಿತ್ತಲಲ್ಲಿ, ಪ್ರವಾಸಿಗರು ಹೊದ್ದು ಬಿಟ್ಟ ಚಾದರಗಳನ್ನು ಒಗೆದು ಹಿಂಡುತ್ತಿದ್ದಳು. ಗಂಡ ಅಲ್ಲೇ ತೋಟಕ್ಕೆ ನೀರು ಬಿಡುತ್ತಾನಂತೆ. ಕೂದಲು ಬೆಳ್ಳಗಾಗಿದೆ, ಕೈ ಮೊದಲಿನಷ್ಟೇ ಗಟ್ಟಿ. ನನ್ನ ಗುರುತು ಹತ್ತಲಿಲ್ಲ. ಸಂತೆಯಲ್ಲಿ ಪೇಪರ್ ಓದಿ ಹೇಳಿದವನು ಎಂದಾಗ ಮುಖ ಅರಳಿತು.

"ಅಯ್ಯ, ನೀನಾ ತಮ್ಮಾ! ಕುಂದ್ರಪ್ಪ, ಆ ಕಟ್ಟಿ ಮ್ಯಾಲ ಕುಂದ್ರು. ಚಾ ಕುಡಿತೀಯೇನು?"

ಚಹಾ ಬಂದರೆ ಹೇಳಲಾಗುವುದಿಲ್ಲ ಎಂದು ನಿಂತಲ್ಲೇ ಹೇಳಿದೆ. "ಅಕ್ಕಾ, ಅದನ್ನ ಬರಿತಿದ್ದಾಂವ ನಾನ."

ಆಕೆ ಕೈಯಲ್ಲಿದ್ದ ಚಾದರವನ್ನು ಹಾಗೇ ಹಿಡಿದುಕೊಂಡಳು. ಬೈಗುಳಕ್ಕೂ ಸಿದ್ಧನಾಗಿದ್ದೆ, ಹೋಗಲಿ ಬಿಡು ಎಂಬ ಮಾತಿಗೂ ಸಿದ್ಧನಾಗಿದ್ದೆ. ಎರಡಕ್ಕೂ ಉತ್ತರವನ್ನು ದಾರಿಯುದ್ದಕ್ಕೂ ತಿದ್ದಿಕೊಂಡು ಬಂದಿದ್ದೆ. ಆಕೆ ಎರಡನ್ನೂ ಆಡಲಿಲ್ಲ.

"ಅವತ್ತ ನಿನಗ ಗೊತ್ತಿತ್ತೇನು, ರೇಟು ಇಳಿತೈತಂತ?"

"ಇಲ್ಲಕ್ಕ."

"ಏರತೈತಂತ?"

"ಅದೂ ಗೊತ್ತಿರ್ಲಿಲ್ಲ."

"ಮತ್ತ ಬರದಿ?"

"ಜಾಗ ತುಂಬಬೇಕಿತ್ತಕ್ಕ."

ಹುಲಿಗೆಮ್ಮ ಚಾದರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಹಿಡಿದುಕೊಂಡೆ, ಆಕೆ ಇನ್ನೊಂದು ತುದಿಯಿಂದ ಹಿಂಡಿದಳು. ನೀರೆಲ್ಲ ಇಳಿದ ಮೇಲೆ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ ಸಣ್ಣವನಿಗೆ ತಿಳಿಹೇಳುವ ಹಾಗಿತ್ತು.

"ಗೊತ್ತಿಲ್ಲಂದ್ರ ಗೊತ್ತಿಲ್ಲಂತ ಬರೀಬೇಕಿತ್ತಲ್ಲ ತಮ್ಮಾ. ಎತ್ತು ನನ್ನ ಕಣ್ಣ ಮುಂದ ಇತ್ತು. ನಾನ ನೋಡಿ ಹಿಡಕೊಂಡು ಬರ್ತಿದ್ದೆ."